ರಿಪೋರ್ಟ್ ಬರೋ ತನಕ ಕತ್ತರಿ ಮುಟ್ಟಬೇಡಿ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ, ಬ್ಲೌಸ್ ಹೊಲಿಯೋದೇ ಹೆಚ್ಚು. ಹತ್ತು ವರ್ಷದಲ್ಲಿ ನಾಲ್ಕು ಸಲ ಡಾಕ್ಟರು ನನಗೆ "ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಣ" ಅಂದಿದ್ದಾರೆ. 2014ರಲ್ಲಿ ಬಲಗಡೆ ಎದೆಯಲ್ಲಿ ಗಂಟು, 2018ರಲ್ಲಿ ಎಡಗಡೆ, 2021ರಲ್ಲಿ ಥೈರಾಯ್ಡ್, 2024ರಲ್ಲಿ ಮತ್ತೆ ಎಡಗಡೆ. ನಾಲ್ಕೂ ಸಲ ಅಲ್ಲ ಅಂತಲೇ ಬಂತು. ಅವ್ವನಿಗೆ 2009ರಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಒಂದು ಸ್ತನ ತೆಗೆದಿದ್ದಾರೆ. ಹಾಗಾಗಿ ನನ್ನ ಮೈಯಲ್ಲಿ ಏನು ಕಂಡರೂ ಯಾವ ಡಾಕ್ಟರೂ ಹಾಗೇ ಬಿಡಲ್ಲ. ಧೈರ್ಯವಾಗಿರಿ ಅಂತ ಹೇಳೋಕೆ ನಾನು ಕೂತಿಲ್ಲ, ಹೆದರಿಕೆ ಆಗೇ ಆಗುತ್ತೆ. ರಿಪೋರ್ಟಿಗೆ ಕಾಯೋ ಆ ಐದಾರು ದಿನ ದಾಟೋದು ಹೇಗೆ ಅಂತ ಒಂದಿಷ್ಟು ಗೊತ್ತಾಗಿದೆ, ಅದನ್ನ ಬರೀತೀನಿ.

ಮೊದಲ ಸಲ ಕೈ ಕಟ್ಟಿ ಕೂರಲಾರದೆ ಮದುವೆ ಬ್ಲೌಸಿನ ಕಟಿಂಗ್‌ಗೆ ಇಳಿದೆ. ಧರ್ಮಾವರಂ ಸೀರೆಯ ಜೊತೆಗೇ ಬಂದಿದ್ದ ಪೀಸು, ಆ ಬಾರ್ಡರ್ ಬೇರೆ ಎಲ್ಲೂ ಸಿಗಲ್ಲ. ಬಟ್ಟೆ ಜೋಡಿಸಿ ಹಾಕೋದು ಬಿಟ್ಟು ತೋಳು ಒಂದೊಂದಾಗಿ ಕತ್ತರಿಸಿದೆ. ಮಷೀನಿಗೆ ಕೂತಾಗಲೇ ಗೊತ್ತಾಗಿದ್ದು, ಎರಡೂ ಎಡಗೈಯವು. ಆ ಗಿರಾಕಿ ಇವತ್ತಿಗೂ ನನ್ನ ಅಂಗಡಿ ಮೆಟ್ಟಿಲು ಹತ್ತಿಲ್ಲ.

ಅವತ್ತಿನಿಂದ ಒಂದು ನಿಯಮ ಹಾಕ್ಕೊಂಡಿದ್ದೀನಿ. ರಿಪೋರ್ಟ್ ಬರೋ ತನಕ ಬಿಚ್ಚಿ ಮತ್ತೆ ಹೊಲಿಯೋಕೆ ಬರೋ ಕೆಲಸ ಮಾತ್ರ: ಹೆಮ್ಮಿಂಗ್, ಹುಕ್ಕು, ಫಾಲ್ಸ್, ಕುಚ್ಚು. ಅಂಗಡಿಯ ಹೊರಗೂ ಅಷ್ಟೇ. ಕೆಲಸಕ್ಕೆ ರಾಜೀನಾಮೆ ಕೊಡೋದು, ಒಡವೆ ಮಾರೋದು, ಮಗಳ ಮದುವೆ ಬೇಗ ಮುಗಿಸಿಬಿಡೋಣ ಅಂತ ಓಡಾಡೋದು, ಹಳೇ ಜಗಳ ಎತ್ತೋದು, ಇವೆಲ್ಲ ಕತ್ತರಿ ಕೆಲಸ. 2018ರಲ್ಲಿ ನಾದಿನಿಗೆ ಫೋನು ಮಾಡಿ, ಹನ್ನೊಂದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಮಾತು ಆಡಿಬಿಟ್ಟೆ. ಸಾಯೋಳು ಹೇಗೂ, ಇನ್ನೇನು ಅಂತ. ಸಾಯಲಿಲ್ಲ. ಪ್ರತಿ ಯುಗಾದಿಗೂ ಅವರ ಮುಖ ನೋಡಬೇಕು!

ಆಸ್ಪತ್ರೆ ಬಿಡೋ ಮುಂಚೆ ಕೇಳಬೇಕಾದ್ದು ಕೇಳಿಕೊಂಡೇ ಬನ್ನಿ. ರಿಪೋರ್ಟ್ ಯಾವ ತಾರೀಖಿಗೆ? ಭಾನುವಾರ ಸೇರಿಸಿಯೋ ಬಿಟ್ಟೋ? ಅವರೇ ಫೋನ್ ಮಾಡ್ತಾರಾ, ನಾವೇ ಮಾಡಬೇಕಾ, ಯಾವ ನಂಬರಿಗೆ? ಓದಿ ಅರ್ಥ ಹೇಳೋ ಡಾಕ್ಟರು ಅವತ್ತು ಸಿಗ್ತಾರಾ? ನಾನು ಇದನ್ನೆಲ್ಲ ಅಳತೆ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದು, ಬಿಲ್ಲನ್ನೂ ಅಲ್ಲೇ ಪಿನ್ ಮಾಡ್ತೀನಿ. ಥೈರಾಯ್ಡ್ ಸಲ ಗುರುವಾರ ಅಂದಿದ್ದರು. ಶುಕ್ರವಾರವೂ ಸುದ್ದಿ ಇಲ್ಲ ಅಂತ ಹೋಗಿ ನೋಡಿದರೆ ರಿಪೋರ್ಟು ಮಂಗಳವಾರವೇ ರೆಡಿಯಾಗಿ ಟ್ರೇಯಲ್ಲಿ ಬಿದ್ದಿತ್ತು. ಮೂರು ರಾತ್ರಿಯ ನಿದ್ದೆ ಯಾರನ್ನ ಕೇಳೋದು? ಹೇಳಿದ ದಿನ ಮಧ್ಯಾಹ್ನ ಹನ್ನೆರಡಾದರೂ ಸುದ್ದಿ ಬರದಿದ್ದರೆ ನಾಚಿಕೆ ಪಡದೆ ನೀವೇ ಫೋನ್ ಮಾಡಿ.

ತಡ ಆಯ್ತು ಅಂದ ಕೂಡಲೇ ಕೆಟ್ಟದ್ದೇ ಇರಬೇಕು ಅಂತ ಎಲ್ಲರಿಗೂ ಅನ್ನಿಸುತ್ತೆ. ಲ್ಯಾಬಿನಲ್ಲಿ ಕೆಲಸ ಮಾಡೋ ಒಬ್ಬಳು ಹುಡುಗಿ ನನ್ನ ಗಿರಾಕಿ. ಅಳತೆ ಕೊಡ್ತಾ ಕೊಡ್ತಾ ಅವಳೇ ಬಿಡಿಸಿ ಹೇಳಿದಳು. ಸೂಜಿಯಲ್ಲಿ ತೆಗೆದ ತುಣುಕನ್ನು ಕೆಡದ ಹಾಗೆ ಮೊದಲು ಫಾರ್ಮಲಿನ್‌ನಲ್ಲಿ ಗಂಟೆಗಟ್ಟಲೆ ಇಡಬೇಕು. ಆಮೇಲೆ ನೀರಿನಂಶ ತೆಗೆದು ಮೇಣದ ಅಚ್ಚಿನಲ್ಲಿ ಕೂರಿಸಬೇಕು, ಅದಕ್ಕೆ ಸಾಮಾನ್ಯವಾಗಿ ಒಂದು ರಾತ್ರಿ ಹಿಡಿಯುತ್ತೆ. ಆ ಅಚ್ಚನ್ನು ಮೂರರಿಂದ ಐದು ಮೈಕ್ರಾನ್ ದಪ್ಪಕ್ಕೆ ಹೆರೆದು, ಬಣ್ಣ ಹಾಕಿ, ಆಮೇಲೆ ಡಾಕ್ಟರು ನೋಡೋದು. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಅಷ್ಟು ತೆಳು ಹೆರೆಯೋ ಕೆಲಸಕ್ಕೆ ಅವಸರ ಮಾಡಿದರೆ ಏನಾಗುತ್ತೆ ಅಂತ ನನಗೆ ಯಾರೂ ಹೇಳಬೇಕಾಗಿಲ್ಲ.

2024ರಲ್ಲಿ ಬಯಾಪ್ಸಿಯಾದ, ಅಂದರೆ ಸೂಜಿಯಲ್ಲಿ ತುಣುಕು ತೆಗೆದ, ಮೂರನೇ ದಿನ ಲ್ಯಾಬಿನಿಂದ ನಮ್ಮ ಮನೆಯವರಿಗೆ ಫೋನು. "ಇನ್ನೊಂದು ಟೆಸ್ಟ್ ಸೇರಿಸಬೇಕು, ಐಎಚ್‌ಸಿ ಅಂತ, ಇನ್ನೂ ಮೂರು ದಿನ ಆಗುತ್ತೆ." ಅವರು ಫೋನಿಟ್ಟು ನನ್ನ ಕಡೆ ನೋಡಲೇ ಇಲ್ಲ. ಅದು ಅನುಮಾನ ಬಗೆಹರಿಸೋಕೂ ಹಾಕೋ ವಿಶೇಷ ಬಣ್ಣ, ಕ್ಯಾನ್ಸರ್ ಅಲ್ಲ ಅಂತ ಗಟ್ಟಿಯಾಗಿ ಹೇಳೋಕೂ ಬೇಕಾಗುತ್ತೆ ಅನ್ನೋದು ನಮಗಾಗ ಗೊತ್ತಿರಲಿಲ್ಲ. ನನ್ನದು ಕೊನೆಗೆ ಸ್ಕ್ಲೆರೋಸಿಂಗ್ ಅಡೆನೋಸಿಸ್ ಅಂತ ಬಂತು. ಹೆಸರು ಕೇಳಿದರೆ ಜೀವ ಹೋಗಬೇಕು, ಆದರೆ ಕ್ಯಾನ್ಸರ್ ಅಲ್ಲ.

ಈಗ ರಿಪೋರ್ಟು ವಾಟ್ಸಾಪಿಗೆ ಪಿಡಿಎಫ್ ಆಗಿ ರಾತ್ರಿ ಒಂಬತ್ತಕ್ಕೂ ಬರುತ್ತೆ. ಯಾರು ತೆಗೆಯೋದು, ಯಾವಾಗ ತೆಗೆಯೋದು ಅಂತ ಮೊದಲೇ ತೀರ್ಮಾನ ಮಾಡಿ. ನಮ್ಮನೆಯಲ್ಲಿ ಮಗಳ ನಂಬರ್ ಕೊಟ್ಟಿದ್ದೀವಿ. ರಾತ್ರಿ ಬಂದರೆ ಬೆಳಿಗ್ಗೆ ತೆಗೆಯೋದು, ಡಾಕ್ಟರು ಸಿಗೋ ಹೊತ್ತಿಗೆ. ಮಾತುಗಳ ಅರ್ಥವೂ ಸ್ವಲ್ಪ ತಿಳಿದಿರಲಿ. ಮೊದಲ ಸಲ "ನೆಗೆಟಿವ್ ಫಾರ್ ಮ್ಯಾಲಿಗ್ನೆನ್ಸಿ" ಅಂತ ಓದಿ ನಮ್ಮ ಮನೆಯವರು ತಲೆ ಮೇಲೆ ಕೈ ಹೊತ್ತು ಕೂತರು, ನೆಗೆಟಿವ್ ಅಂದರೆ ಕೆಟ್ಟದ್ದು ಅಂದುಕೊಂಡು. ಅದು ಕ್ಯಾನ್ಸರ್ ಕಂಡಿಲ್ಲ ಅನ್ನೋ ಸಿಹಿ ಸುದ್ದಿ! 'ಲೀಶನ್' ಅಂದರೆ ಅಲ್ಲೇನೋ ಇದೆ ಅಂತ ಅಷ್ಟೇ. ಮ್ಯಾಮೊಗ್ರಾಮ್, ಎದೆ ಸ್ಕ್ಯಾನಿನ ಕೊನೆಯಲ್ಲಿ ಬೈರ್ಯಾಡ್ಸ್ ಅಂತ ಒಂದು ಅಂಕಿ ಇರುತ್ತೆ. ಮೂರು ಅಂದರೆ ಕ್ಯಾನ್ಸರ್ ಆಗಿರೋ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ, ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ನೋಡ್ತಾರೆ. ನಾಲ್ಕಾದರೆ ಬಯಾಪ್ಸಿ ಅಂತಾರೆ. ಅದರಲ್ಲೂ ಎ, ಬಿ, ಸಿ ಇದೆ. ನನ್ನದು ನಾಲ್ಕು ಎ, ನೂರಕ್ಕೆ ಎರಡರಿಂದ ಹತ್ತು. ಈ ಲೆಕ್ಕವನ್ನ ಡಾಕ್ಟರ ಬಾಯಿಂದಲೇ ಕೇಳಿ. ನಾನು ಗೂಗಲ್‌ನಲ್ಲಿ ಹುಡುಕಿದ ರಾತ್ರಿ ಬೆಳಗಾಗೋ ಹೊತ್ತಿಗೆ ನಾಲ್ಕು ಥರದ ಕ್ಯಾನ್ಸರ್ ಬಂದಿತ್ತು.

ಗಂಟನ್ನು ಪದೇಪದೇ ಒತ್ತಿ ನೋಡಬೇಡಿ. ಕೋರ್ ಬಯಾಪ್ಸಿಯ ಸೂಜಿ ಪ್ರೆಸ್ ಬಟನ್ ಹಾಕೋ ಮಷೀನಿನ ಥರ ಟಕ್ ಅನ್ನುತ್ತೆ, ಬೆಚ್ಚಿಬೀಳಬೇಡಿ. ಆಮೇಲೆ ಆ ಜಾಗ ನೀಲಿಗಟ್ಟಿ ಗಟ್ಟಿಯಾಗಬಹುದು. ಗಂಟು ಬೆಳೀತು ಅಂತ ನಾನು ರಾತ್ರಿಯೆಲ್ಲ ಒತ್ತಿ, ಊತ ಇನ್ನೂ ಜಾಸ್ತಿ ಮಾಡಿಕೊಂಡೆ. ಊತ ಏರ್ತಾ ಹೋದರೆ, ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ ಆಸ್ಪತ್ರೆಗೆ ಫೋನ್ ಮಾಡಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಸೂಜಿ ಹಾಕೋ ಮುಂಚೆಯೇ ಹೇಳಬೇಕು.

ಯಾರಿಗೆ ಹೇಳಬೇಕು? ನನ್ನ ಲೆಕ್ಕದಲ್ಲಿ ಇಬ್ಬರು ಸಾಕು. ಮೂರನೆಯವರಿಗೆ ಹೇಳಿದಿರೋ, ಸಂಜೆಯೊಳಗೆ ಒಬ್ಬರು ಲಕ್ಷ್ಮಣಫಲದ ಎಲೆ ತರ್ತಾರೆ, ಇನ್ನೊಬ್ಬರು ತಮ್ಮ ದೊಡ್ಡಮ್ಮ ಹೇಗೆ ಸತ್ತರು ಅಂತ ಶುರು ಮಾಡ್ತಾರೆ. ಅವ್ವನಿಗೆ ಹೇಳೋದೇ ಬೇಡ ಅಂದುಕೊಂಡಿದ್ದೆ. ಅವ್ವನ ಬ್ಲೌಸಿಗೆ ನಾನೇ ಒಳಗಡೆ ಒಂದು ಜೇಬು ಇಟ್ಟು, ಅದರಲ್ಲಿ ಕೂರೋ ಹಾಗೆ ಹತ್ತಿಯ ಪ್ಯಾಡು ಹೊಲಿದು ಕೊಡ್ತೀನಿ. ಬರೀ ಹತ್ತಿಯಾದರೆ ಹಗುರಾಗಿ ಬ್ಲೌಸು ಆ ಕಡೆ ಮೇಲಕ್ಕೇರುತ್ತೆ, ಅದಕ್ಕೆ ಒಳಗೆ ಒಂದು ಹಿಡಿ ಸಾಸಿವೆ. 2024ರ ಆ ವಾರ ಕೈಗೆ ಬೇರೆ ಕೆಲಸ ಹತ್ತದೆ ಎರಡು ದಿನದಲ್ಲಿ ನಾಲ್ಕು ಪ್ಯಾಡು ಹೊಲಿದು ಕೊಟ್ಟೆ. ಅವ್ವ ಒಂದನ್ನ ಕೈಯಲ್ಲಿ ತೂಗಿ ನೋಡಿ, "ಯಾವತ್ತು ಬರ್ತತಿ ರಿಪೋರ್ಟು?" ಅಂದಳು. ನಾನು "ಸೋಮವಾರ" ಅಂದೆ. "ಸಾಸಿವೆ ಸ್ವಲ್ಪ ಜಾಸ್ತಿ ಆಗೇತಿ, ಬಿಚ್ಚು" ಅಂದಳು. ಬಿಚ್ಚಿದೆ. ಸೋಮವಾರದ ತನಕ ಅವ್ವ ನಮ್ಮನೆಯಲ್ಲೇ ಇದ್ದಳು.

ನಡುರಾತ್ರಿ ಎರಡಕ್ಕೆ ಎಚ್ಚರಾದರೆ ಹಾಸಿಗೆಯಲ್ಲಿ ಹೊರಳಾಡಬೇಡಿ, ಎದ್ದುಬಿಡಿ. ನಾನು ಗುಂಡಿ ಡಬ್ಬಿ ಸುರಿದು ಬಣ್ಣ ಬಣ್ಣ ಬೇರೆ ಮಾಡ್ತೀನಿ. ಎದೆ ಹೊಡೆದುಕೊಂಡು ತಡೆಯೋಕೇ ಆಗದಿದ್ದರೆ ಮನಸ್ಸಿನ ಸಂಕಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ರಿಪೋರ್ಟು ಚೆನ್ನಾಗಿ ಬಂದು ವಾರಗಳಾದರೂ ನಿದ್ದೆ ಮರಳದಿದ್ದರೆ ಅದಕ್ಕೂ ಡಾಕ್ಟರ ಹತ್ತಿರ ಹೋಗಬೇಕು. ನಾನು ಥೈರಾಯ್ಡ್ ಆದಮೇಲೆ ಹೋಗಿದ್ದೆ.

ಏನೂ ಇಲ್ಲ ಅಂತ ಬಂದ ದಿನ ನಿಮಗೆ ಖುಷಿಯೇ ಆಗದಿರಬಹುದು. ನನಗೆ ಮೊದಲ ಸಲ ಬಂದಿದ್ದು ಅಳು, ಎರಡನೇ ಸಲ ಜ್ವರ, ಮೂರನೇ ಸಲ ನಾಚಿಕೆ. ಸುಮ್ಮನೆ ಎಲ್ಲರನ್ನೂ ಹೆದರಿಸಿದೆ, ದುಡ್ಡು ದಂಡ ಅಂತ. ಈ ನಾಚಿಕೆಯೇ ಅಪಾಯ. ತೋಳ ಬಂತು ತೋಳ ಅಂತ ಕೂಗಿದ ಹುಡುಗನ ಥರ ಆದೆನಲ್ಲ ಅಂದುಕೊಂಡು ಮುಂದಿನ ಸ್ಕ್ಯಾನ್ ತಪ್ಪಿಸಿದೆ, ಒಂದೂವರೆ ವರ್ಷ. ಆ ಹುಡುಗ ಸುಳ್ಳು ಹೇಳಿದ್ದ, ನಾನು ಹೇಳಿರಲಿಲ್ಲ. ಹೋದ ಸಲದ್ದು ಏನೂ ಅಲ್ಲದಿದ್ದ ಮಾತ್ರಕ್ಕೆ ಹೊಸ ಗಂಟಿಗೆ ವಿನಾಯಿತಿ ಇಲ್ಲ.

ಹಳೇ ಫಿಲ್ಮು, ಸಿಡಿ, ರಿಪೋರ್ಟು ಒಂದನ್ನೂ ಬಿಸಾಡಬೇಡಿ, ಪ್ರತಿ ಸಲ ಎಲ್ಲ ಹೊತ್ತುಕೊಂಡು ಹೋಗಿ. ಎರಡು ವರ್ಷದಿಂದ ಅಳತೆ ಬದಲಾಗಿಲ್ಲ ಅಂತ ಹೋಲಿಸಿ ನೋಡಿಯೇ ಡಾಕ್ಟರು ನನ್ನ 2018ರ ಗಂಟನ್ನು ಸೂಜಿಯಿಲ್ಲದೆ ಬಿಟ್ಟಿದ್ದು. ನನ್ನವು ಒಂದು ಸೀರೆ ಬಾಕ್ಸಿನಲ್ಲಿವೆ, ತಾರೀಖು ಪ್ರಕಾರ. ಮುಂದಿನ ಸ್ಕ್ಯಾನ್ ಇರೋ ವಾರಕ್ಕೆ ಮದುವೆ ಬ್ಲೌಸಿನ ಆರ್ಡರ್ ತಗೊಂಡಿಲ್ಲ. ಫಾಲ್ಸ್ ಹಾಕೋದಿದ್ದರೆ ಕಳಿಸಿ.