ಊರಿಂದ ಹೊಸತಾಗಿ ಇಂಗ್ಲೆಂಡಿಗೆ ಬಂದವರಿಗೆ: ಗೂಡುದೀಪ, ತೋರಣ, ನಕ್ಷತ್ರ ಮನೆಯಲ್ಲೇ ಮಾಡುದು

ಮಂಗಳೂರು, ಉಡುಪಿ ಕಡೆಯಿಂದ ಬಂದು ನಮ್ಮ ಸಂಘಕ್ಕೆ ಸೇರುವವರು ಮೊದಲ ತಿಂಗಳು ಕೇಳುದು ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರ್) ರಿಜಿಸ್ಟ್ರೇಶನ್, ಶಾಲೆ, ಕೌನ್ಸಿಲ್ ಟ್ಯಾಕ್ಸ್, ಅಷ್ಟೇ. ಅದೆಲ್ಲ ಬೇರೆ ಹಾಳೆಯಲ್ಲಿ ಬರೆದದ್ದು ಉಂಟು. ಇದು ಅದರ ನಂತರ ಬರುವ ಪ್ರಶ್ನೆಗೆ. ಚೌತಿ ಬಂತು, ದೀಪಾವಳಿ ಬಂತು, ಕ್ರಿಸ್ಮಸ್ ಬಂತು, ಮನೆ ನೋಡಿದ್ರೆ ಬರೀ ಬಿಳಿ ಗೋಡೆ, ಬೂದಿ ಬಣ್ಣದ ಕಾರ್ಪೆಟ್, ಅದೂ ಬಾಡಿಗೆ ಮನೆ, ಒಂದು ಮೊಳೆ ಹೊಡೀಲಿಕ್ಕೂ ಹೆದರಿಕೆ, ಇಲ್ಲಿ ಎಂತ ಅಲಂಕಾರ ಮಾಡುದು ಅಂತ.

ರೆಡಿಮೇಡ್ ತೋರಣ, ಪ್ಲಾಸ್ಟಿಕ್ ಹೂ ಎಲ್ಲ ಆನ್‌ಲೈನಲ್ಲಿ ಸಿಗ್ತದೆ, ಪುರುಸೊತ್ತಿಲ್ಲದವರು ಧಾರಾಳ ತಗೊಳ್ಳಿ. ಆದ್ರೆ ಒಂದನ್ನಾದ್ರೂ ಕೈಯಿಂದ ಮಾಡುದಾದ್ರೆ ಗೂಡುದೀಪ, ಅಂದ್ರೆ ದೀಪಾವಳಿಗೆ ತೂಗುಹಾಕುವ ಕಾಗದದ ಆಕಾಶಬುಟ್ಟಿ, ಕಟ್ಲಿಕ್ಕೆ ಕಲೀರಿ. ಕಡ್ಡಿಗೆ ಕಡ್ಡಿ ಕಟ್ಟುವ ಕೆಲಸ ಒಮ್ಮೆ ಕೈಗೆ ಹತ್ತಿದ್ರೆ ಚೌತಿಯ ಮಂಟಪ, ಕ್ರಿಸ್ಮಸ್‌ನ ನಕ್ಷತ್ರ, ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ) ಮಾಡು ಎಲ್ಲ ಅದೇ ಕೆಲಸ, ಅದೇ ಸಾಮಾನು. ಮತ್ತೆ ಅಕ್ಟೋಬರ್ ಕೊನೆಯ ಆದಿತ್ಯವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗ್ತದೆ, ಆಮೇಲೆ ಸಂಜೆ ಐದಕ್ಕೆಲ್ಲ ಕತ್ತಲೆ, ಮಕ್ಕಳನ್ನು ಹೊರಗೆ ಬಿಡ್ಲಿಕ್ಕಾಗುದಿಲ್ಲ, ಮನೆಯೊಳಗೆ ಕೂತು ಮಾಡುವ ಒಂದು ಕೆಲಸ ಆ ಹೊತ್ತಿಗೆ ತುಂಬಾ ಬೇಕಾಗ್ತದೆ.

ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ ದೀಪಾವಳಿಗೆ ಗೂಡುದೀಪ ಸ್ಪರ್ಧೆ ಆಗ್ತದಲ್ಲ, ಸಾಂಪ್ರದಾಯಿಕ, ಆಧುನಿಕ, ಪ್ರತಿಕೃತಿ ಅಂತ ವಿಭಾಗ ಮಾಡಿ, ಅಲ್ಲಿ ಸಾಲಾಗಿ ನೇತಾಡುವುದನ್ನು ಕಂಡವರಿಗೆ ಇದು ದೊಡ್ಡ ಕಸುಬು ಅಂತ ಅನಿಸಬಹುದು. ಮನೆಗೆ ಅಷ್ಟು ಬೇಡ. ಇಲ್ಲಿ ಸೂಪರ್ ಮಾರ್ಕೆಟಿನಲ್ಲಿ ಬಾರ್ಬೆಕ್ಯೂಗೆ ಅಂತ ಬಿದಿರಿನ ಕಡ್ಡಿ ಸಿಗ್ತದೆ, 30 ಸೆಂ.ಮೀ. ಉದ್ದದ್ದು, ಒಂದು ಪ್ಯಾಕೆಟ್ ತಗೊಂಡ್ರೆ ಎರಡು ಮೂರು ಗೂಡುದೀಪಕ್ಕೆ ಸಾಕಾಗ್ತದೆ. ಬೇಸಿಗೆ ಮುಗಿದ ಮೇಲೆ ಕೆಲವು ಅಂಗಡಿಯಲ್ಲಿ ಅದು ಸಿಗುದಿಲ್ಲ, ಹಾಗಾಗಿ ಆಗಸ್ಟಲ್ಲೇ ತಂದಿಡಿ. ಬೇಕಾದದ್ದು 24 ಕಡ್ಡಿ. ಚೂಪು ತುದಿಯನ್ನು ಮೊದಲೇ ಕತ್ತರಿಸಿ ಎಲ್ಲವನ್ನೂ ಒಂದೇ ಅಳತೆ ಮಾಡ್ಕೊಳ್ಳಿ, ಈ ಕೆಲಸ ದೊಡ್ಡವರೇ ಮಾಡಿ, ತುದಿ ಹಾರಿ ಕಣ್ಣಿಗೆ ಬೀಳ್ತದೆ. ನಾಲ್ಕು ಕಡ್ಡಿಯಿಂದ ಒಂದು ಚೌಕ, ಹಾಗೆ ಆರು ಚೌಕ. ಮೂಲೆಯಲ್ಲಿ ಕಡ್ಡಿಗಳು ಒಂದರ ಮೇಲೊಂದು ದಾಟಿ ಒಂದೊಂದು ಸೆಂ.ಮೀ. ಹೊರಗೆ ಇರ್ಲಿ, ತುದಿಗೆ ತುದಿ ಸರಿಯಾಗಿ ಕೂರಿಸಿದ್ರೆ ದಾರ ಜಾರ್ತದೆ. ದಾರವನ್ನು ಅಡ್ಡ ನಾಲ್ಕು ಸುತ್ತು, ನೆಟ್ಟಗೆ ನಾಲ್ಕು ಸುತ್ತು ಹಾಕಿ ಗಂಟು ಬಿಗಿದು ಅದರ ಮೇಲೆ ಒಂದು ಬೊಟ್ಟು ಅಂಟು.

ಆರು ಚೌಕ ಆದ ಮೇಲೆ ಒಂದು ಮೇಲೆ, ಒಂದು ಕೆಳಗೆ, ನಾಲ್ಕು ಸುತ್ತ, ಮೂಲೆಗೆ ಮೂಲೆ ಕಟ್ತಾ ಬನ್ನಿ. ಸುತ್ತಲಿನ ನಾಲ್ಕು ಚೌಕ ಮೂಲೆಯ ಮೇಲೆ ನಿಂತ ಹಾಗೆ, ಅಂದ್ರೆ ಡೈಮಂಡ್ ಆಕಾರದಲ್ಲಿ ನಿಲ್ಬೇಕು. ಒಟ್ಟು 12 ಗಂಟು. ಚೌಕಗಳ ನಡುವೆ ಎಂಟು ತ್ರಿಕೋನ ತಾನಾಗಿಯೇ ಬರ್ತದೆ, ಅದಕ್ಕೆ ಅಂತ ಬೇರೆ ಕಡ್ಡಿ ಬೇಡ, ಮಕ್ಕಳಿಗೆ ಅದು ಬರುವುದನ್ನು ನೋಡ್ಲಿಕ್ಕೇ ಖುಷಿ. ಈಗ ಅದನ್ನು ಎರಡು ಕೈಯಲ್ಲಿ ಹಿಡಿದು ಒತ್ತಿದ್ರೆ ಇಡೀ ಗೂಡು ತಿರುಚಿಕೊಂಡು ಒಳಗೆ ಮಡಚಿ ಹೋಗ್ತದೆ, ಹೆಚ್ಚಿನವರು ಇಲ್ಲಿ ನಮಗೆ ಬರುದಿಲ್ಲ ಅಂತ ಬಿಟ್ಟುಬಿಡ್ತಾರೆ. ಬಿಡ್ಬೇಡಿ. ಪ್ರತಿ ಚೌಕಕ್ಕೆ ಮೂಲೆಯಿಂದ ಎದುರು ಮೂಲೆಗೆ ದಾರ ಎಳೆದು ಅಡ್ಡಡ್ಡ ಬಿಗೀರಿ, ಎರಡೂ ದಾರ ಒಂದೇ ಉದ್ದ ಇದ್ರೆ ಚೌಕ ಸರಿ ಉಂಟು ಅಂತ ಲೆಕ್ಕ. ಆರೂ ಚೌಕಕ್ಕೆ ಹಾಕಿದ ಮೇಲೆ ನೋಡಿ, ಅಲುಗಾಡುದಿಲ್ಲ. ಮೇಲಿನ ಚೌಕದ ದಾರವನ್ನು ಮಾತ್ರ ಕೊನೆಗೆ ಕಟ್ಟಿ, ಲೈಟ್ ಒಳಗೆ ಇಳಿಸ್ಲಿಕ್ಕೆ ಜಾಗ ಬೇಕಲ್ಲ. 28 ಸೆಂ.ಮೀ. ಕಡ್ಡಿಯಲ್ಲಿ ಮಾಡಿದ್ರೆ ಎದುರುಬದುರು ಚೌಕಗಳ ನಡುವೆ ಸುಮಾರು 37 ಸೆಂ.ಮೀ. ಬರ್ತದೆ, ಇಲ್ಲಿನ ಕಿಟಕಿಗೆ ಅದು ಧಾರಾಳ ಆಯ್ತು.

ಅಂಟು ಊರಿನ ಹಾಗೆ ಮೈದಾದ್ದೇ ಮಾಡಬಹುದು, ಇಲ್ಲಿನ ಪ್ಲೇನ್ ಫ್ಲೋರ್ ಆಗ್ತದೆ, ಒಂದು ಕಪ್ ನೀರಿಗೆ ಎರಡು ಚಮಚ ಹಾಕಿ ಸಣ್ಣ ಉರಿಯಲ್ಲಿ ತಿರುಗಿಸ್ತಾ ಕಾಯಿಸಿದ್ರೆ ಆಯ್ತು. ಆದ್ರೆ ಇಲ್ಲಿನ ಮನೆಗಳಲ್ಲಿ ಚಳಿಗಾಲಕ್ಕೆ ಕಿಟಕಿ ಹಾಕಿಯೇ ಇಡುದು, ಬಟ್ಟೆಯೂ ಒಳಗೇ ಒಣಗಿಸುದು, ಆ ಪಸೆಗೆ ಮೈದಾ ಅಂಟು ಬೇಗ ಬೂಸ್ಟು ಹಿಡೀತದೆ. ಹಿಂದೆ ಊರಲ್ಲಿ ಅದಕ್ಕೆ ಚೂರು ಮೈಲುತುತ್ತು ಹಾಕ್ತಿದ್ರು, ಮಕ್ಕಳು ಕೈ ಹಾಕುವ ಕೆಲಸಕ್ಕೆ ಅದು ಖಂಡಿತ ಬೇಡ, ವಿಷ. ಶಾಲೆ ಸಾಮಾನಿನ ಅಂಗಡಿಯ ಪಿವಿಎ ಅಂಟು ತಗೊಳ್ಳಿ, ಕೈಗೆ ತಾಗಿದ್ರೆ ನೀರಲ್ಲಿ ಹೋಗ್ತದೆ.

ಕಾಗದಕ್ಕೆ ಇಲ್ಲಿನ ಟಿಶ್ಯೂ ಪೇಪರ್ ಸಾಕು. ಚೌಕಕ್ಕೊಂದು ಬಣ್ಣ, ತ್ರಿಕೋನಕ್ಕೊಂದು ಬಣ್ಣ, ಅಂಚನ್ನು ಕಡ್ಡಿಯ ಮೇಲೆ ಮಡಚಿ ಅಂಟಿಸಿ. ಕೆಳಗಿನ ಚೌಕದಿಂದ ಬಾಲ ಇಳಿಬಿಡಿ, ಬಾಲ ಇಲ್ಲದ ಗೂಡುದೀಪ ನೋಡ್ಲಿಕ್ಕೆ ಚಂದ ಆಗುದಿಲ್ಲ, ಇದು ನನ್ನ ಅಭಿಪ್ರಾಯ. ಊರಿಂದ ಬರುವಾಗ ತರುದಾದ್ರೆ ಉಡುಪಿ ರಥಬೀದಿಯ ಅಥವಾ ಮಂಗಳೂರು ಕಾರ್‌ಸ್ಟ್ರೀಟಿನ ಅಂಗಡಿಯಿಂದ ಬೇಗಡೆ, ಜರಿ ಕಾಗದ ಒಂದಷ್ಟು ತನ್ನಿ, ತೂಕ ಇಲ್ಲ, ಅಂಚಿಗೆ ಹಚ್ಚಿದ್ರೆ ಹೊಳೆಯುದೇ ಬೇರೆ. ಕಾಗದವನ್ನು ಮಡಚಿ ಸೂಟ್‌ಕೇಸಿಗೆ ಹಾಕ್ಬೇಡಿ, ಸುರುಳಿ ಸುತ್ತಿ ರಟ್ಟಿನ ಕೊಳವೆಯಲ್ಲಿ ಹಾಕಿ, ಇಲ್ಲದಿದ್ರೆ ಒಳಗೆ ಲೈಟ್ ಹಾಕಿದಾಗ ಮಡಿಕೆಯ ಗೆರೆಯೇ ಎದ್ದು ಕಾಣ್ತದೆ. ಬಿದಿರು ಹೊತ್ತುಕೊಂಡು ಬರುದು ಬೇಡ. ಮಾವಿನ ಎಲೆ, ವೀಳ್ಯದೆಲೆ, ಶಂಕರಪುರ ಮಲ್ಲಿಗೆ ಇಂಥ ಹಸಿ ಎಲೆ ಹೂವನ್ನು ಬ್ಯಾಗಿಗೆ ತುರುಕುದೂ ಬೇಡ. ಹಸಿ ಎಲೆ, ಗಿಡ ಇಂಥದ್ದಕ್ಕೆಲ್ಲ ರೋಗ ಕೀಟ ಇಲ್ಲ ಅಂತ ಹೇಳುವ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಕೇಳ್ತಾರೆ, ಅದಿಲ್ಲದಿದ್ರೆ ಏರ್‌ಪೋರ್ಟಲ್ಲೇ ತೆಗೆದಿಡ್ತಾರೆ.

ಈಗ ಲೈಟ್. ಹಣತೆ, ಕ್ಯಾಂಡಲ್ ಗೂಡುದೀಪದ ಒಳಗೆ ಇಡುದೇ ಬೇಡ, ಕಾಗದ, ಕಾರ್ಪೆಟ್, ಕರ್ಟನ್, ಹೇಳ್ಬೇಕಾ. ಬ್ಯಾಟರಿಯ ಎಲ್‌ಇಡಿ ಅಥವಾ ಯುಎಸ್‌ಬಿ ಲೈಟಿನ ಸರ ಹಾಕಿ. ಊರಿನ ಸೀರಿಯಲ್ ಸೆಟ್ ತಂದವರು ಉಂಟು, ಕರೆಂಟ್ ಇಲ್ಲಿಯೂ 230 ವೋಲ್ಟೇ, ಹಾಗಾಗಿ ಅಡಾಪ್ಟರ್ ಹಾಕಿದ್ರೆ ಉರೀತದೆ, ಆದ್ರೆ ಇಲ್ಲಿನ ಪ್ಲಗ್ಗಿನೊಳಗೆ ಫ್ಯೂಸ್ ಇರ್ತದೆ, ಊರಿನ ಸರದ ಪ್ಲಗ್ಗಿನಲ್ಲಿ ಅದು ಇಲ್ಲ, ವಯರೂ ಸಪೂರ, ಹೊರಗೆ ಮಳೆಗಂತೂ ಹಾಕ್ಲೇಬಾರದು. ದೇವರ ಎದುರಿನ ದೀಪ ಬೇರೆ ವಿಷಯ, ಅದನ್ನು ಹಚ್ಚಿದಾಗ ಯಾರಾದ್ರೂ ಆ ಕೋಣೆಯಲ್ಲಿ ಇರಿ, ಸ್ಮೋಕ್ ಅಲಾರಂ ಹೊಡ್ಕೊಳ್ತದೆ ಅಂತ ಅದರ ಬ್ಯಾಟರಿ ತೆಗೆಯುದು ಮಾತ್ರ ಯಾವತ್ತೂ ಮಾಡ್ಬೇಡಿ.

ನೇತುಹಾಕುದು ಎಲ್ಲಿ? ಊರಲ್ಲಾದ್ರೆ ಅಂಗಳದಲ್ಲಿ ಎತ್ತರಕ್ಕೆ ಕಟ್ತೇವೆ. ಇಲ್ಲಿ ನವೆಂಬರಿನ ಗಾಳಿಮಳೆಗೆ ಹೊರಗೆ ಒಂದು ರಾತ್ರಿಯೂ ನಿಲ್ಲುದಿಲ್ಲ. ರಸ್ತೆ ಬದಿಯ ಕಿಟಕಿಯ ಒಳಗೆ, ಕರ್ಟನ್ ರಾಡಿಗೆ ದಾರ ಕಟ್ಟಿ ಬಿಡಿ, ಮೊಳೆ ಬೇಡ, ಅಂಟು ಬೇಡ, ದಾರಿಯಲ್ಲಿ ಹೋಗುವವರಿಗೂ ಕಾಣ್ತದೆ. ಗ್ಲಾಸಿನಿಂದ ಒಂದು ಗೇಣು ದೂರ ಇರ್ಲಿ, ಚಳಿಗೆ ಗ್ಲಾಸಿನ ಒಳಬದಿಯಲ್ಲಿ ನೀರು ಕೂರ್ತದೆ, ಟಿಶ್ಯೂ ಪೇಪರ್ ತಾಗಿದ್ರೆ ಬಣ್ಣ ಬಿಟ್ಟು ಕಿಟಕಿಯ ಬಿಳಿ ಹಲಗೆ ಎಲ್ಲ ಕೆಂಪು.

ಗೋಡೆಗೆ ಏನಾದ್ರೂ ಹಚ್ಚುವ ಮೊದಲು ಟೆನೆನ್ಸಿ ಕಾಗದ (ಬಾಡಿಗೆ ಕರಾರು) ಓದಿ, ಮನೆಗೆ ಬಂದ ದಿನವೇ ಎಲ್ಲ ಗೋಡೆಯ, ಕಾರ್ಪೆಟಿನ ಫೋಟೋ ತೆಗೆದು ಇಟ್ಕೊಳ್ಳಿ. ಇಂಗ್ಲೆಂಡಲ್ಲಿ 2019ರ ಕಾನೂನಿನ ಪ್ರಕಾರ ಸಾಮಾನ್ಯ ಬಾಡಿಗೆ ಮನೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ತಗೊಳ್ಳುವ ಹಾಗಿಲ್ಲ, ಆದ್ರೂ ಐದು ವಾರದ ಬಾಡಿಗೆ ಅಂದ್ರೆ ಸಣ್ಣ ಹಣ ಅಲ್ಲ. ಬ್ಲೂ ಟ್ಯಾಕ್ ಅಂತ ಒಂದು ಮೇಣದ ಹಾಗಿನದ್ದು ಸಿಗ್ತದೆ, ಬಣ್ಣದ ಗೋಡೆಯಲ್ಲಿ ಬಹಳ ದಿನ ಬಿಟ್ರೆ ಎಣ್ಣೆ ಕಲೆ ಬೀಳ್ತದೆ. ಎಳೆದು ತೆಗೆಯುವ ಅಂಟು ಹುಕ್ಕು ಒಳ್ಳೇದು, ತೆಗೆಯುವಾಗ ಅದರ ಬಾಲವನ್ನು ಗೋಡೆಗೆ ತಾಗಿಸಿಕೊಂಡೇ ಮೆಲ್ಲ ಕೆಳಗೆ ಎಳೀರಿ, ನಿಮ್ಮ ಕಡೆಗೆ ಎಳೆದ್ರೆ ಪೇಂಟ್ ಕಿತ್ತು ಬರ್ತದೆ. ವಾಲ್‌ಪೇಪರಿಗೆ ಅದು ಆಗುದಿಲ್ಲ. ಫ್ಲಾಟಲ್ಲಿ ಇರುವವರು ಹೊರಗಿನ ಕಾರಿಡಾರಲ್ಲಿ ರಂಗೋಲಿ, ಹಣತೆ, ತೋರಣ ಇಡುವ ಮೊದಲು ಬಿಲ್ಡಿಂಗಿನವರ ಹತ್ತಿರ ಕೇಳಿ, ಬೆಂಕಿ ಬಿದ್ರೆ ಓಡುವ ದಾರಿ ಅದು, ಖಾಲಿ ಇರ್ಬೇಕು ಅಂತ ರೂಲ್ಸ್ ಇರ್ತದೆ. ರಂಗೋಲಿ ಹುಡಿಯನ್ನು ಕಾರ್ಪೆಟ್ ಮೇಲೆ ಹಾಕ್ಲೇಬೇಡಿ, ಅರಿಶಿನ ಕುಂಕುಮ ಅಂತೂ ಜನ್ಮದಲ್ಲಿ ಹೋಗುದಿಲ್ಲ. ಅಗಲದ ಟ್ರೇ ಅಥವಾ ಕಪ್ಪು ರಟ್ಟಿನ ಮೇಲೆ ಹಾಕಿ, ಬೇಕಾದಲ್ಲಿಗೆ ಎತ್ತಿ ಇಡಬಹುದು.

ತೋರಣಕ್ಕೆ ಹಸಿರು ಫೆಲ್ಟ್ ಬಟ್ಟೆಯನ್ನು ಮಾವಿನ ಎಲೆ ಆಕಾರಕ್ಕೆ ಕತ್ತರಿಸಿ ನಡುವಿನ ನರಕ್ಕೆ ಒಂದು ಹೊಲಿಗೆ ಹಾಕಿದ್ರೆ ವರ್ಷಗಟ್ಟಲೆ ಬರ್ತದೆ, ನಡುನಡುವೆ ಕೇಸರಿ ಉಲ್ಲನ್ನಿನ ಗೊಂಡೆ ಹಾಕಿ, ದೂರದಿಂದ ಗೊಂಡೆ ಹೂವೇ. ಇಲ್ಲಿ ಬೇಲಿಗೆ ನೆಡುವ ಚೆರ್ರಿ ಲಾರೆಲ್ ಗಿಡದ ಎಲೆ ಮಾವಿನ ಎಲೆಯ ಹಾಗೇ ಕಾಣ್ತದೆ, ಕೊಯ್ದು ಕಟ್ಟುವ ಅಂತ ಆಸೆ ಆಗ್ತದೆ, ಅದು ವಿಷದ ಎಲೆ, ಮಕ್ಕಳು ಬಾಯಿಗೆ ಹಾಕಿದ್ರೆ ಕಷ್ಟ, ಬೇಡ. ಅಷ್ಟಮಿಗೆ ಹುಲಿವೇಷ ಕುಣಿಯುವ ವಿಟ್ಲಪಿಂಡಿ ನೆನಪಾಗುವ ಉಡುಪಿಯವರು ಪೇಪರ್ ಪ್ಲೇಟಿಗೆ ಹಳದಿ ಕಪ್ಪು ಬಣ್ಣ ಹಚ್ಚಿಸಿ ಹುಲಿ ಮುಖ ಮಾಡಿಸಿ.

ಕ್ರಿಸ್ಮಸ್‌ನ ನಕ್ಷತ್ರಕ್ಕೆ ಅದೇ ಪ್ಯಾಕೆಟಿನ ಹತ್ತು ಕಡ್ಡಿ, ಮತ್ತೆ ತುಂಡು ಮಾಡ್ಲಿಕ್ಕೆ ಒಂದೆರಡು ಸಾಕು. ಐದು ಕಡ್ಡಿಯಲ್ಲಿ ಒಂದು ನಕ್ಷತ್ರ, ಅಂಥದ್ದು ಎರಡು. ಒಂದರ ಮೇಲೆ ಒಂದು ಇಟ್ಟು ಐದು ತುದಿಯನ್ನೂ ಸೇರಿಸಿ ಕಟ್ಟಿ, ಒಳಗಿನ ಐದು ಮೂಲೆಗೆ ಬೆರಳುದ್ದದ ತುಂಡು ಕಡ್ಡಿ ಅಡ್ಡ ನಿಲ್ಲಿಸಿದ್ರೆ ಹೊಟ್ಟೆ ಉಬ್ಬಿ ಒಳಗೆ ಲೈಟಿಗೆ ಜಾಗ ಆಗ್ತದೆ. ಊರಲ್ಲಿ ನೆರೆಮನೆಯವರು ಡಿಸೆಂಬರಿಗೆ ಕಟ್ತಿದ್ದ ನಕ್ಷತ್ರ ಇದೇ. ನಮ್ಮ ಸಂಘದಲ್ಲಿ ಗೂಡುದೀಪಕ್ಕೆ ಕೂತವರೇ ಡಿಸೆಂಬರಿಗೆ ನಕ್ಷತ್ರಕ್ಕೂ ಕೂರ್ತಾರೆ, ಹಿಂದೂ ಕ್ರಿಶ್ಚಿಯನ್ ಬ್ಯಾರಿ ಅಂತ ಇಲ್ಲ, ಮಕ್ಕಳು ಒಂದೇ ಮೇಜಿನಲ್ಲಿ.

ಹಬ್ಬ ಮುಗಿದ ಮೇಲೆ ಕಾಗದ ಹರಿದು ತೆಗೆದು ಗೂಡನ್ನು ಮಾತ್ರ ಇಟ್ಕೊಳ್ಳಿ, ಹೊರಗೋಡೆಗೆ ತಾಗುವ ಕಪಾಟಿನಲ್ಲಿ ಬೇಡ, ಪಸೆ. ಮುಂದಿನ ವರ್ಷ ಹೊಸ ಕಾಗದ ಹಚ್ಚಿದ್ರೆ ಆಯ್ತು. ದೀಪಾವಳಿಗೆ ಮುಂಚಿನ ಶನಿವಾರ ಸಂಘದ ಹಾಲಿನಲ್ಲಿ ಎಲ್ಲ ಸೇರಿ ಕಟ್ತೇವೆ, ಕಡ್ಡಿ ಕಾಗದ ಅಂಟು ಅಲ್ಲಿ ಇರ್ತದೆ, ನೀವು ಬರುವಾಗ ಒಂದು ಕತ್ತರಿ, ಗಟ್ಟಿ ದಾರ, ಮೇಜಿಗೆ ಹಾಸ್ಲಿಕ್ಕೆ ಹಳೆ ಪೇಪರ್ ತನ್ನಿ. ಕಟ್ಟಿದ್ದನ್ನು ಬಸ್ಸಲ್ಲಿ ಕೊಂಡೋಗುವವರು ದೊಡ್ಡ ಚೀಲವನ್ನೂ ತನ್ನಿ.