ಲಿಯೋನ್ ಊರನ್ನು ನಾನು ನೋಡಿದ್ದು ನೇಕಾರರ ಗುಡ್ಡದಿಂದ

ಫ್ರಾನ್ಸಿನ ಲಿಯೋನ್‌ಗೆ ಹೋದವರೆಲ್ಲ ಫೂರ್ವಿಯೇರ್ ಗುಡ್ಡದ ಬಸಿಲಿಕಾ ನೋಡಿ, ಸೋನ್ ನದಿ ದಂಡೆಯ ಹಳೇ ಪೇಟೆ ಸುತ್ತಿ ಬರುತ್ತಾರೆ. ನಾನು ಬೇಕೆಂದೇ ರೇಷ್ಮೆ ನೇಕಾರರು ನೆಲೆಸಿದ್ದ ಕ್ರುವಾ-ರೂಸ್ ಗುಡ್ಡಕ್ಕೆ ಹೆಚ್ಚು ಸಮಯ ಇಟ್ಟುಕೊಂಡೆ. ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಮನೆ. ಬಟ್ಟೆಯಲ್ಲಿ ಚಿತ್ತಾರ ಮೂಡಿಸಲು ಮಗ್ಗದ ಮೇಲೆ ಕೂರಿಸುವ ಜಕಾರ್ಡ್ ಪೆಟ್ಟಿಗೆ, ಅದರಿಂದ ಇಳಿಬಿದ್ದ ತೂತಿನ ರಟ್ಟುಗಳು ನನಗೆ ಹುಟ್ಟಿದಾಗಿನಿಂದ ಪರಿಚಯ. 1804ರ ಸುಮಾರಿಗೆ ಆ ಯಂತ್ರ ರೂಪಿಸಿದ ಜೋಸೆಫ್ ಮರೀ ಜಕಾರ್ ಇದೇ ಲಿಯೋನಿನವನು.

ಮೆಟ್ರೋದ ಸಿ ಲೈನ್ ಹಲ್ಲುಹಳಿಯ ಮೇಲೆ ಗುಡ್ಡ ಹತ್ತುತ್ತದೆ. ಮೇಲೆ ಇಳಿದ ಕೂಡಲೇ ಕಣ್ಣಿಗೆ ಬೀಳುವುದು ಮನೆಗಳ ಉದ್ದುದ್ದ ಕಿಟಕಿಗಳು. ಒಳಗಿನ ಸೂರು ಸುಮಾರು 4 ಮೀಟರ್ ಎತ್ತರ. ಜಕಾರ್ಡ್ ಕೂರಿಸಿದ ಮಗ್ಗಕ್ಕೆ ಅಷ್ಟು ಎತ್ತರ ಬೇಕು, ಬಣ್ಣದ ಎಳೆ ಗುರುತಿಸಲು ಬೆಳಕೂ ಬೇಕು. ಮನೆಯವರು ಮಲಗುತ್ತಿದ್ದದ್ದು ಮೂಲೆಯಲ್ಲಿ ಕಟ್ಟಿದ ಮರದ ಅಟ್ಟದ ಮೇಲೆ. ಮಗ್ಗಕ್ಕೆ ಜಾಗ ಕೊಟ್ಟು ಉಳಿದದ್ದರಲ್ಲಿ ಸಂಸಾರ! ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮೆಜೋಂ ದೆ ಕಾನ್ಯು ಎಂಬ ನೇಕಾರರ ಮ್ಯೂಸಿಯಂನಲ್ಲಿ ಕೈಮಗ್ಗ ನಡೆಸಿ ತೋರಿಸುತ್ತಾರೆ. ಲಾಳಿ ಓಡುವಾಗ ರಟ್ಟು ಒಂದೊಂದೇ ಸರಿಯುತ್ತದೆ. ತೂತಿದ್ದ ಕಡೆ ಸೂಜಿ ಒಳಹೋಗಿ, ಅದಕ್ಕೆ ಸೇರಿದ ಹಾಸಿನ ಎಳೆ ಮೇಲೇಳುತ್ತದೆ. ಅಲ್ಲಿಂದ ಕದಲಲು ಮನಸ್ಸೇ ಬರಲಿಲ್ಲ.

ಅಲ್ಲಿಂದ ಇಳಿಜಾರಿನಲ್ಲಿ ಕೋಲ್ಬೇರ್ ಚೌಕಕ್ಕೆ ಬನ್ನಿ. 9ನೇ ನಂಬರಿನ ಬಾಗಿಲೊಳಗೆ ಕೂರ್ ದೆ ವೊರಾಸ್ ಅಂಗಳ, ಆರು ಅಂತಸ್ತಿನ ಭಾರೀ ಕಲ್ಲಿನ ಮೆಟ್ಟಿಲು. 1831ರ ನವೆಂಬರ್‌ನಲ್ಲಿ ಈ ಗುಡ್ಡದ ನೇಕಾರರು ಕನಿಷ್ಠ ಕೂಲಿ ದರಕ್ಕಾಗಿ ದಂಗೆ ಎದ್ದು ಊರನ್ನೇ ಕೈವಶ ಮಾಡಿಕೊಂಡಿದ್ದರು. ‘ದುಡಿದು ಬದುಕುತ್ತೇವೆ, ಇಲ್ಲವೇ ಹೋರಾಡಿ ಸಾಯುತ್ತೇವೆ’ ಎಂಬುದು ಅವರ ಘೋಷಣೆ. 1834ರಲ್ಲಿ ಮತ್ತೆ ಎದ್ದಾಗ ಸೈನ್ಯ ರಕ್ತ ಹರಿಸಿತು. ಲಿಯೋನಿನ ರೇಷ್ಮೆಯ ವೈಭವ ಹೇಳುವವರು ಈ ಕಥೆಯನ್ನೂ ಹೇಳಲೇಬೇಕು.

ಮನೆಗಳ ನಡುವೆ ಹಾದು ಒಂದು ಬೀದಿಯಿಂದ ಇನ್ನೊಂದಕ್ಕೆ ಬಿಡುವ, ವೊರಾಸ್ ಅಂಗಳದಲ್ಲಿರುವಂಥ ಒಳದಾರಿಗಳಿಗೆ ತ್ರಾಬೂಲ್ ಎನ್ನುತ್ತಾರೆ. ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಕಣ್ಣು ತಪ್ಪಿಸಲು, ಅವರ ವಿರುದ್ಧ ಗುಟ್ಟಾಗಿ ಹೋರಾಡಿದ ಫ್ರೆಂಚ್ ಪ್ರತಿರೋಧದವರಿಗೂ ಇವು ಒದಗಿದವು. ಹಳೇ ಪೇಟೆಯಲ್ಲಿ ಅತಿ ಉದ್ದದ್ದು ಸಾಂ-ಜಾನ್ ಬೀದಿಯ 54ರಿಂದ ಬಫ್ ಬೀದಿಯ 27ಕ್ಕೆ ಹೋಗುತ್ತದೆ. ವಾರದ ದಿನ ಬೆಳಿಗ್ಗೆ ಬೇಗ ಹೊರಡಿ, ಆಗ ಗೈಡುಗಳ ಗುಂಪು ಇರುವುದಿಲ್ಲ. ಮಾತು ತಗ್ಗಿಸಿ, ಕಿಟಕಿಗಳತ್ತ ಕ್ಯಾಮೆರಾ ಬೇಡ. ಅವು ಜನ ವಾಸಿಸುವ ಮನೆಗಳು.

ಊಟಕ್ಕೆ ಸಸ್ಯಾಹಾರಿಗಳು ಪರದಾಡಬೇಕಾದೀತು, ಇಲ್ಲಿನ ಬೂಶೋಂ ಹೋಟೆಲುಗಳಲ್ಲಿ ಮಾಂಸದ್ದೇ ಕಾರುಬಾರು. ಸೆರ್ವೆಲ್ ದ ಕಾನ್ಯು ಕೇಳಿ: ಮೆತ್ತನೆ ಹಸಿ ಚೀಸ್‌ಗೆ ಸಣ್ಣೀರುಳ್ಳಿ, ಸೊಪ್ಪು, ಎಣ್ಣೆ, ವಿನಿಗರ್ ಬೆರೆಸಿದ್ದು. ಬ್ರೆಡ್ಡಿನ ಜೊತೆ ಬಹಳ ರುಚಿ. ಹಣ್ಣು, ಚೀಸ್ ಕೊಳ್ಳುವುದಿದ್ದರೆ ಗುಡ್ಡದ ಮೇಲಿನ ಬುಲ್ವಾರ್ (ಅಗಲ ಬೀದಿ) ಸಂತೆಗೆ ಹೋಗಿ, ಸೋಮವಾರ ಬಿಟ್ಟು.