ವೇಷ ಎರಡು, ಸಂಭಾವನೆ ಒಂದು: ಆಟದ ಲೆಕ್ಕವನ್ನು ಡೇಟಾಬೇಸ್‌ನಲ್ಲಿ ಇಡುವುದು ಹೇಗೆ?

ಮಳೆಗಾಲದಲ್ಲಿ ಕರಾವಳಿಯ ಮೇಳಗಳ ತಿರುಗಾಟ ನಿಂತಾಗ ಯಕ್ಷಗಾನ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುತ್ತಾರೆ. ಮಾಟುಂಗ, ಕುರ್ಲಾ, ಡೊಂಬಿವಲಿಗಳ ಸಭಾಗೃಹಗಳಲ್ಲಿ ಆಟಗಳು, ಅಂದರೆ ಯಕ್ಷಗಾನ ಪ್ರದರ್ಶನಗಳು, ನಡೆಯುತ್ತವೆ. ಇವುಗಳ ಲೆಕ್ಕವನ್ನು ಡೇಟಾಬೇಸ್‌ಗೆ ತರಲು ಹೊರಟ ಸಂಘದ ಕಾರ್ಯಕರ್ತರಿಗೆ ಎದುರಾಗುವ ಮೊದಲ ತೊಡಕೆಂದರೆ, ಒಬ್ಬ ಕಲಾವಿದರು ಹಲವು ಆಟಗಳಲ್ಲಿರುತ್ತಾರೆ, ಒಂದು ಆಟದಲ್ಲಿ ಹಲವು ಕಲಾವಿದರಿರುತ್ತಾರೆ. ಇದಕ್ಕೆ ಮೆನಿ-ಟು-ಮೆನಿ ಸಂಬಂಧ ಎಂದು ಹೆಸರು.

ಮೊದಲಿಗೆ ‘ಕಲಾವಿದ’ ಮತ್ತು ‘ಆಟ’ ಎಂಬ ಎರಡು ಟೇಬಲ್‌ಗಳನ್ನು ಮಾಡಿ, ಎರಡರಲ್ಲೂ ಪ್ರತಿ ಸಾಲಿಗೆ ಐಡಿ (ಗುರುತಿನ ಸಂಖ್ಯೆ) ಕೊಡಿ. ಆಟದ ಟೇಬಲ್‌ನಲ್ಲಿಯೇ ‘ಕಲಾವಿದ 1’, ‘ಕಲಾವಿದ 2’ ಎಂದು ಕಾಲಂ ಎಳೆಯುತ್ತ ಹೋಗಬೇಡಿ; ತಂಡದಲ್ಲಿ ಒಬ್ಬರು ಹೆಚ್ಚಾದ ದಿನ ಟೇಬಲ್ಲನ್ನೇ ಒಡೆದು ಕಟ್ಟಬೇಕಾಗುತ್ತದೆ.

ಎರಡನ್ನೂ ಜೋಡಿಸಲು ಮೂರನೆಯ ಟೇಬಲ್ ಬೇಕು. ಅದರ ಪ್ರತಿ ಸಾಲಿನಲ್ಲಿ ಕಲಾವಿದರ ಐಡಿ ಮತ್ತು ಆಟದ ಐಡಿ ಫಾರಿನ್ ಕೀಗಳಾಗಿ, ಅಂದರೆ ಆ ಟೇಬಲ್‌ಗಳ ಸಾಲುಗಳನ್ನು ತೋರಿಸುವ ಕೊಂಡಿಗಳಾಗಿ, ಇರುತ್ತವೆ. ಸಂಭಾವನೆ ಬರೆಯಬೇಕಾದದ್ದೂ ಇಲ್ಲಿಯೇ: ಅದು ಆಟದಿಂದ ಆಟಕ್ಕೆ ಬದಲಾಗುವುದರಿಂದ ಕಲಾವಿದರ ಟೇಬಲ್‌ಗೆ ಸೇರದು, ಒಬ್ಬೊಬ್ಬರಿಗೆ ಒಂದೊಂದು ಇರುವುದರಿಂದ ಆಟದ ಟೇಬಲ್‌ಗೂ ಸೇರದು. ಸಂಬಂಧಕ್ಕೂ ತನ್ನದೇ ಗುಣಲಕ್ಷಣಗಳಿರಬಹುದೆಂಬುದನ್ನು ಕಂಪ್ಯೂಟರ್ ವಿಜ್ಞಾನಿ ಪೀಟರ್ ಚೆನ್ 1976ರಲ್ಲಿ ಮಂಡಿಸಿದ, ಮಾಹಿತಿಯನ್ನು ವಸ್ತುಗಳು ಮತ್ತು ಅವುಗಳ ಸಂಬಂಧಗಳಾಗಿ ನೋಡುವ ಎಂಟಿಟಿ-ರಿಲೇಷನ್‌ಶಿಪ್ ಮಾದರಿಯಲ್ಲಿಯೇ ಕಾಣಬಹುದು. ಈ ಟೇಬಲ್ಲನ್ನು ‘ಕಲಾವಿದ_ಆಟ’ ಎಂದು ಕರೆಯುವ ರೂಢಿಯಿದೆಯಾದರೂ ‘ಕರಾರು’ ಎಂಬ ಹೆಸರು ನನಗೆ ಮೇಲೆನಿಸುತ್ತದೆ; ಏನನ್ನು ಬರೆಯುತ್ತಿದ್ದೇವೆಂಬುದು ಹೆಸರಿನಲ್ಲಿಯೇ ತಿಳಿಯುತ್ತದೆ.

ಕಷ್ಟ ಶುರುವಾಗುವುದು ವೇಷ ಬರೆಯುವಾಗ. ಒಂದೇ ರಾತ್ರಿ ಒಬ್ಬರೇ ಎರಡು ವೇಷ ಮಾಡುವುದು ಯಕ್ಷಗಾನದಲ್ಲಿ ಮಾಮೂಲು. ಕರಾರಿನಲ್ಲಿಯೇ ವೇಷದ ಕಾಲಂ ಇಟ್ಟರೆ ಅವರಿಗೆ ಎರಡು ಸಾಲು ಬೇಕಾಗುತ್ತದೆ. 3,000 ರೂಪಾಯಿ ಸಂಭಾವನೆ ಎರಡರಲ್ಲೂ ಕುಳಿತು, ಮೊತ್ತ 6,000 ಆಗುತ್ತದೆ. ಎರಡನೆಯ ಸಾಲಿಗೆ ಸೊನ್ನೆ ಹಾಕುವವರಿದ್ದಾರೆ, ಆದರೆ ಮೊದಲ ವೇಷ ರದ್ದಾಗಿ ಆ ಸಾಲನ್ನು ಅಳಿಸಿದಾಗ ಸಂಭಾವನೆಯೂ ಅಳಿಸಿಹೋಗುತ್ತದೆ. ಸಂಭಾವನೆ ನಿಂತಿರುವುದು ಕಲಾವಿದ ಮತ್ತು ಆಟದ ಜೋಡಿಯ ಮೇಲೆಯೇ ಹೊರತು ವೇಷದ ಮೇಲಲ್ಲ.

ಆದ್ದರಿಂದ ಕರಾರಿನಲ್ಲಿ ಸಂಭಾವನೆ, ಮುಂಗಡ, ಪಾವತಿಯ ದಿನಾಂಕಗಳನ್ನಿಟ್ಟು, ಕಲಾವಿದ-ಆಟ ಜೋಡಿಗೆ ಯೂನಿಕ್ ನಿರ್ಬಂಧ (ಒಂದೇ ಜೋಡಿ ಎರಡು ಸಲ ಬರದಂತೆ ತಡೆಯುವ ನಿಯಮ) ಹಾಕಿ. ‘ವೇಷ’ ಎಂಬ ನಾಲ್ಕನೆಯ ಟೇಬಲ್‌ನಲ್ಲಿ ಕರಾರಿನ ಐಡಿ, ಪಾತ್ರ ಮತ್ತು ಪೂರ್ವಾರ್ಧವೋ ಉತ್ತರಾರ್ಧವೋ ಎಂಬುದಿರಲಿ. ಒಂದೇ ಆಟದಲ್ಲಿ ಕರ್ಣನ ವೇಷವನ್ನು ಇಬ್ಬರು ಹಂಚಿಕೊಳ್ಳುವುದೂ ಇರುವುದರಿಂದ ಆಟ-ಪಾತ್ರ ಜೋಡಿಗೆ ಯೂನಿಕ್ ಹಾಕಲು ಹೋಗಬೇಡಿ. ಹಣದ ಮೊತ್ತವನ್ನು ಕರಾರು ಟೇಬಲ್‌ನಿಂದ ಮಾತ್ರ ಕೂಡಿಸಿ. ವೇಷದೊಂದಿಗೆ ಜಾಯಿನ್ ಮಾಡಿ (ಎರಡು ಟೇಬಲ್‌ಗಳ ಸಾಲುಗಳನ್ನು ಜೋಡಿಸಿ) ಕೂಡಿಸಿದರೆ ಹಳೆಯ ತಪ್ಪೇ ಮರಳುತ್ತದೆ.

ಕರಾರನ್ನು ಅಳಿಸಿದಾಗ ಅದರ ವೇಷಗಳೂ ಅಳಿಯಲಿ, ಆದರೆ ಕರಾರಿರುವ ಕಲಾವಿದರನ್ನು ಅಳಿಸಲು ಡೇಟಾಬೇಸ್ ಬಿಡದಿರಲಿ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶ ಬಳಸುವವರು ಗಮನಿಸಬೇಕು: ಅದರಲ್ಲಿ ಫಾರಿನ್ ಕೀ ತಪಾಸಣೆ ಸಾಮಾನ್ಯವಾಗಿ ಆಫ್ ಆಗಿರುತ್ತದೆ, ಪ್ರತಿ ಸಂಪರ್ಕದಲ್ಲೂ ಅದನ್ನು ಆನ್ ಮಾಡಬೇಕು.

ಕೊನೆಯದಾಗಿ ಕಲಾವಿದರ ಪಟ್ಟಿ. ಭಾಗವತರಿಗೆ, ಚೆಂಡೆ-ಮದ್ದಳೆಯವರಿಗೆ ಕರಾರಿದ್ದರೂ ವೇಷವಿರುವುದಿಲ್ಲ. ಕರಾರು ಮತ್ತು ವೇಷಗಳನ್ನು, ಎರಡೂ ಕಡೆ ಹೊಂದುವ ಸಾಲುಗಳನ್ನಷ್ಟೇ ಕೊಡುವ ಇನ್ನರ್ ಜಾಯಿನ್‌ನಿಂದ ಜೋಡಿಸಿದರೆ ಇಡೀ ಹಿಮ್ಮೇಳ ಪಟ್ಟಿಯಿಂದ ಮಾಯವಾಗುತ್ತದೆ. ಇಲ್ಲಿ ಕರಾರನ್ನು ಎಡಕ್ಕಿಟ್ಟು, ಎಡಗಡೆಯ ಸಾಲುಗಳನ್ನೆಲ್ಲ ಉಳಿಸಿಕೊಳ್ಳುವ ಲೆಫ್ಟ್ ಜಾಯಿನ್ ಬಳಸಿ.